ಹಗ್ಗಕ್ಕೆ ಕೈ ಕೊಟ್ಟವಳು

ಅಳಿವೆಕೇರಿ
ಭಾನುವಾರ, 15 ಅಕ್ಟೋಬರ್ 2000

ಚಳ್ಳಕೆರೆಯ ಎಣ್ಣೆ ಸಾಮ್ರಾಜ್ಯದ ಮಾಜಿ ಚಕ್ರವರ್ತಿಗಳೂ ನನ್ನ ಹಾಲಿ ಯಜಮಾನರೂ ಆದ ಚಂದ್ರಶೇಖರ್ ಅವರಿಗೆ ದಾಕ್ಷಾಯಿಣಿ ಮಾಡುವ ನಮಸ್ಕಾರ.

ನಾನು ಕ್ಷೇಮ. ನಿಮ್ಮ ಕ್ಷೇಮವನ್ನು ಈ ಪತ್ರ ಓದಿ ಮುಗಿಸಿದ ಮೇಲೆ ತಿಳಿಸಿ. ಮೊದಲೇ ತಿಳಿಸಿದರೆ ಆಮೇಲೆ ತಿದ್ದಬೇಕಾದೀತು.

ಸುತ್ತಿ ಬಳಸಿ ಬರೆಯುವುದು ನನ್ನ ಚಾಳಿ ಎಂದು ನಿಮಗೆ ಗೊತ್ತು. ಇವತ್ತು ಹಾಗೆ ಮಾಡುವುದಿಲ್ಲ. ನಿನ್ನೆ ಸಂಜೆ ಊರಿನ ಸಭೆ ನಡೆಯಿತು. ನೀವು ಮಿಲ್ಲಿಗೆಂದು ಕೇಳಿದ್ದ ಮರಳದಂಡೆ ಸಿಗಲಿಲ್ಲ. ಊರೆಲ್ಲ ಕೊಡುತ್ತೇನೆಂದಿತು, ಒಂದು ಕೈ ಮಾತ್ರ ತಡೆಯಿತು. ಆ ಕೈ ನೀವು ಅತ್ತೆಯವರ ಎದುರು ಹಿಡಿದ ಕೈ.

ನಿಮ್ಮ ದಲ್ಲಾಳಿ ಸಭೆಯಿಂದ ಸಿಟ್ಟಿನಲ್ಲಿ ಎದ್ದು ಹೋದ. ಈ ಹೊತ್ತಿಗೆ ಅವನು ಫೋನು ಮಾಡಿರುತ್ತಾನೆ, ‘ನಿಮ್ಮ ಮನೆಯವರೇ ಕೈ ಕೊಟ್ಟರು ಸಾರ್’ ಅಂದಿರುತ್ತಾನೆ. ನಾನೂ ಫೋನು ಮಾಡಬಹುದಿತ್ತು. ಆದರೆ ಎಸ್‌ಟಿಡಿ ಬೂತಿನಲ್ಲಿ ನಿಮ್ಮ ಕೋಪಕ್ಕೂ ಮೀಟರು ಓಡುತ್ತದೆ, ನನ್ನ ಅಳುವಿಗೂ ಓಡುತ್ತದೆ. ಕಾಗದದ ಮೇಲಾದರೆ ಎರಡೂ ಪುಕ್ಕಟೆ.

ಗುರುವಾರ ನೀವು ಫೋನಿನಲ್ಲಿ ಹೇಳಿದ್ದು ಕಿವಿಯಲ್ಲಿ ಹಾಗೇ ಇದೆ. “ದಾಕ್ಷಿ, ಅದ್ರಾಗೇನೈತೆ? ಎಲ್ರ ಜೊತೆ ನೀನೂ ಹಗ್ಗ ಬಿಟ್ಟು ಬಾ. ಮಿಲ್ಲು ಉಳೀತೈತೆ. ಕೇಳ್ತಿರೋನು ನಾನು ಅಂತ ಮಾತ್ರ ಬಾಯಿ ಬಿಡಬ್ಯಾಡ.” ಹಗ್ಗ ಬಿಡಬೇಕು, ಬಾಯಿ ಬಿಡಬಾರದು. ನಾನು ಎರಡನ್ನೂ ತಿರುಗಾಮುರುಗಾ ಮಾಡಿದೆ. ಯಾಕೆ ಎಂದು ಹೇಳಬೇಕಾದರೆ ಈ ಊರನ್ನು ಹೇಳಬೇಕು. ಬೇಸಿಗೆಯಲ್ಲಿ ನೀವು ಇಲ್ಲಿಗೆ ಬಂದಿರಿ ನಿಜ. ನೋಡಿದ್ದು ಜಾಗ, ಊರಲ್ಲ.

ಇತಿಹಾಸದ ಉಪನ್ಯಾಸಕಿಯನ್ನು ಕಟ್ಟಿಕೊಂಡಿದ್ದಕ್ಕೆ ಸ್ವಲ್ಪ ಅನುಭವಿಸಿ. ಈ ಊರಿನ ಚರಿತ್ರೆಯನ್ನು ಒಂದೇ ಕ್ರಿಯಾಪದದಲ್ಲಿ ಬರೆಯಬಹುದು: ಬಂದರು. ಮೊದಲು ಹಾಯಿ ಕಟ್ಟಿದ ಮಚವೆಗಳವರು ಬಂದರು. ಹಂಚು, ತೆಂಗು, ಅಕ್ಕಿ ತುಂಬಿಕೊಂಡು ಮುಂಬಯಿಗೆ ಹೋಗಿ ಖರ್ಜೂರ ತಂದರು. ಅವರ ಹಿಂದೆ ಸುಂಕದವರು ಬಂದರು. ಅವರು ಕಟ್ಟಿದ ಸುಂಕದ ಕಟ್ಟೆಯೇ ಈಗ ನಮ್ಮ ಕಾಲೇಜು. ಅಲ್ಲಿ ಈಗಲೂ ಹಾಜರಿಯ ಸುಂಕ ವಸೂಲಾಗುತ್ತದೆ. ಆಮೇಲೆ ಅಳಿವೆಯ ಬಾಯಿಗೆ ಹೂಳು ಬಂತು, ಮಚವೆಗಳು ಬರುವುದು ನಿಂತಿತು. ಕೊನೆಗೆ ಎಂಜಿನ್ ಬೋಟುಗಳು ಬಂದವು, ಅವು ಬಂದು ನಿಲ್ಲಲು ದಕ್ಕೆ ಬಂತು, ಮಂಜುಗಡ್ಡೆಯ ಕಾರ್ಖಾನೆ ಬಂತು. ಬೋಟಿನವರಿಗೂ ದಡದ ಬಲೆಯವರಿಗೂ ಹಿಂದೆ ಹೊಡೆದಾಟವೇ ಆಗಿತ್ತಂತೆ. ಸುತ್ತಲ ಊರುಗಳಲ್ಲಿ ರಂಪಣಿ ಬಲೆಗಳು ಒಂದೊಂದಾಗಿ ಮೂಲೆ ಸೇರಿದವು. ಇಲ್ಲಿ ಒಂದು ಉಳಿದಿದೆ.

ರಂಪಣಿ ಅಂದರೆ ಅರ್ಧ ಕಡಲನ್ನು ಸುತ್ತುವಷ್ಟು ಉದ್ದದ ಬಲೆ. ದೋಣಿಯಲ್ಲಿ ಹೋಗಿ ಬಿಟ್ಟು ಬಂದು, ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ಊರೇ ಎಳೆಯುತ್ತದೆ. ಗುಡಿಯ ಕೇರಿ, ಮಸೀದಿಯ ಕೇರಿ, ಇಗರ್ಜಿಯ ಕೇರಿ ಎಲ್ಲ ಒಂದೇ ಹಗ್ಗದಲ್ಲಿ. ಹಗ್ಗಕ್ಕೆ ಕೈ ಕೊಟ್ಟವರಿಗೆಲ್ಲ ಪಾಲು. ಕಾಯಿಲೆ ಬಿದ್ದು ಬಾರದವರಿಗೂ ಪಾಲು. ಕಡಲಿಗೆ ಹೋಗಿ ಬಾರದವನ ಮನೆಗೂ ಪಾಲು. ಇದನ್ನೆಲ್ಲ ಯಾರೂ ಎಲ್ಲೂ ಬರೆದಿಟ್ಟಿಲ್ಲ. ಯಾರ ಕೈ ಹಗ್ಗದ ಮೇಲಿತ್ತು ಎನ್ನುವುದು ಊರಿಗೆ ಕಂಡಿರುತ್ತದೆ, ಅಷ್ಟೇ.

ಈ ಹಗ್ಗಕ್ಕೆ ನಾನು ಸಿಕ್ಕಿಬಿದ್ದ ಕಥೆಯನ್ನು ನಿಮಗೆ ಇಲ್ಲಿಯವರೆಗೆ ಹೇಳಿಲ್ಲ. ಅತ್ತೆಯವರು ಪೂಜೆಯ ಸಾಮಾನು ಮುಟ್ಟಗೊಡುವುದಿಲ್ಲ ಎಂಬ ಹೆದರಿಕೆ. ಬಂದ ಹೊಸದು. ಬೆಳಿಗ್ಗೆ ಕಾಲೇಜಿಗೆ ಹೊರಟಿದ್ದೆ. ಜನ ಸಾಲಾಗಿ ನಿಂತು ಕಡಲಿನಿಂದ ಏನನ್ನೋ ಎಳೆಯುತ್ತಿದ್ದರು. ನನ್ನ ತವರು ನನ್ನಿವಾಳದಲ್ಲಿ ಎಮ್ಮೆ ಬಾವಿಗೆ ಬಿದ್ದರೆ ದಾರಿಹೋಕರು ಯಾರ ಎಮ್ಮೆ ಎಂದು ಕೇಳುವುದಿಲ್ಲ, ಬಂದು ಹಗ್ಗ ಹಿಡಿಯುತ್ತಾರೆ. ಪಾಪ, ಯಾರದೋ ಎಮ್ಮೆ ಸಮುದ್ರಕ್ಕೆ ಬಿದ್ದಿದೆ ಎಂದುಕೊಂಡು ನಾನೂ ಸೆರಗು ಸಿಕ್ಕಿಸಿ ಹಗ್ಗ ಹಿಡಿದೆ! ಪಕ್ಕದಲ್ಲಿದ್ದ ಹೆಂಗಸನ್ನು, ಎಮ್ಮೆಗೆ ಜೀವ ಐತಾ ಎಂದು ಕೇಳಿದೆ. ಆಕೆ ನಕ್ಕ ನಗುವಿಗೆ ಸಾಲಿನ ಅರ್ಧ ಹಗ್ಗ ಸಡಿಲವಾಯಿತು. “ಎಮ್ಮೆ ಅಲ್ಲ ಅಕ್ಕೋರೆ, ತಾರ್ಲೆ ಮೀನು! ಈಗ ಎಳೀರಿ, ಆಮೇಲೆ ನಗ್ವ.” ಆಕೆಯೇ ಹೊನ್ನಕ್ಕ. ಮೀನು ಒಣಗಿಸಿ ಮಾರುವವಳು, ಗಂಡನನ್ನು ಕಡಲಿಗೆ ಕೊಟ್ಟವಳು. ಇಲ್ಲಿ ಟೀಚರುಗಳಿಗೆಲ್ಲ ಅಕ್ಕೋರು ಎನ್ನುತ್ತಾರೆ. ನನ್ನನ್ನೂ ಹಾಗೇ ಕರೆದಳು.

ಸಂಜೆ ನೋಡಿದರೆ ಬಾಗಿಲಲ್ಲಿ ಬುಟ್ಟಿ. ತಲೆತಲಾಂತರದಿಂದ ಮೊಟ್ಟೆಯ ಚಿತ್ರವನ್ನೂ ನೋಡದ ಮನೆತನದ ಸೊಸೆಗೆ ಒಂದು ಬುಟ್ಟಿ ತಾರ್ಲೆ! ನಾವು ಇದನ್ನು ಮುಟ್ಟುವುದಿಲ್ಲಮ್ಮ ಎಂದೆ. “ಮುಟ್ಟೂದು ಬ್ಯಾಡ. ಪಾಲು ಪಾಲೇ,” ಎಂದಳು. ಮಾರನೆಯ ದಿನ ಆ ಬುಟ್ಟಿ ಹರಿವೆ ಸೊಪ್ಪು, ಕುಚ್ಚಲಕ್ಕಿ, ತೆಂಗಿನಕಾಯಿ ಆಗಿ ಬಂತು. ಅಂದಿನಿಂದ ಹಾಗೇ ಬರುತ್ತಿದೆ. ಹೋದ ಚಳಿಗಾಲದಲ್ಲಿ ಬರೀ ಜ್ವರ ಎಂದು ನಿಮಗೆ ಬರೆದಿದ್ದೆನಲ್ಲ, ಅದು ಟೈಫಾಯ್ಡ್. ಏಳಲಾಗದೆ ಮಲಗಿದ್ದಷ್ಟು ದಿನವೂ ಬಾರದವರ ಪಾಲು ನನ್ನ ಹೊಸ್ತಿಲಿಗೆ ಬಂತು. ಹೊನ್ನಕ್ಕ ಅದರ ಗಂಜಿ ಮಾಡಿ ಕುಡಿಸಿದಳು. ನೀವು ಆಗ ನನ್ನ ವರ್ಗಾವಣೆಗೆಂದು ಬೆಂಗಳೂರು ಸುತ್ತುತ್ತಿದ್ದಿರಿ. ನಿಮಗೆ ಗಾಬರಿ ಮಾಡಲು ಮನಸ್ಸಾಗಲಿಲ್ಲ.

ವರ್ಗಾವಣೆಯ ಮಾತು ಬಂತು. ಬಂದಿದ್ದು ಬರಲಿ, ಬರೆದೇ ಬಿಡುತ್ತೇನೆ. ಬೇಸಿಗೆಯವರೆಗೂ ನನ್ನನ್ನು ಚಳ್ಳಕೆರೆಗೆ ತರಿಸಿಕೊಳ್ಳಬೇಕೆಂದು ನೀವು ಚಪ್ಪಲಿ ಸವೆಸಿದಿರಿ. ಇಲ್ಲಿಯ ಮರಳು ನೋಡಿಕೊಂಡು ಹೋದ ಮೇಲೆ ಬಂದ ಮೊದಲ ಫೋನಿನಲ್ಲಿ, “ಸದ್ಯ ಅಲ್ಲೇ ಇರು, ಉಪಯೋಗಕ್ಕೆ ಬರ್ತೀಯಾ,” ಎಂದಿರಿ. ಹೆಂಡತಿ ಉಪಯೋಗಕ್ಕೆ ಬರುವುದು ಸಂತೋಷವೇ. ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರ್ ಮೆಷಿನ್ನಿಗೂ ನೀವು ಅದೇ ದನಿಯಲ್ಲಿ ಹಾಗೇ ಹೇಳುತ್ತಿದ್ದಿರಿ ಎನ್ನುವುದೊಂದೇ ಬೇಜಾರು.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಪಾಮ್ ಎಣ್ಣೆ ಬಂದು ಶೇಂಗಾ ಎಣ್ಣೆಯನ್ನು ಜಾರಿಸಿ ಬೀಳಿಸಿತು. ಮಿಲ್ಲಿನ ಗಾಲಿ ನಿಂತರೂ ಹಳೆಯ ಕೆಲಸಗಾರ ಕ್ಯಾತಣ್ಣ ದಿನಾ ಬಂದು ಬೀಗ ಹಾಕಿದ ಗೇಟಿನ ಮುಂದೆ ಕೂರುತ್ತಾನೆ, ಅವನನ್ನು ಎದುರಿಸಲಾಗದೆ ನೀವು ಹಿತ್ತಿಲ ಬಾಗಿಲಿನಿಂದ ಓಡಾಡುತ್ತೀರಿ ಎಂದು ಅತ್ತೆಯವರೇ ಬರೆಸಿದ್ದರು. ತಾರ್ಲೆಯಿಂದ ಎಣ್ಣೆ ತೆಗೆಯಬಹುದು, ಉಳಿದ ಹಿಂಡಿ ಕೋಳಿಗೆ ಮಾರಬಹುದು ಎಂದು ಯಾರೋ ನಿಮಗೆ ಹೇಳಿದರು. ಮಂಗಳೂರು ಕಡೆ ಈ ಮೀನಿಗೆ ಬೂತಾಯಿ ಎನ್ನುತ್ತಾರಂತೆ. ನಮ್ಮ ಭೂತಾಯಿ ಕೊಡದ ಎಣ್ಣೆಯನ್ನು ಈ ಬೂತಾಯಿ ಕೊಟ್ಟಾಳು ಎನ್ನುವುದು ನಿಮ್ಮ ಆಸೆ. ಅತ್ತೆಯವರು ಕೂಡ, “ಮೀನಿನೆಣ್ಣೆ ಅನ್ಬ್ಯಾಡ್ರೋ, ಬರೀ ಎಣ್ಣೆ ಅನ್ರಿ. ಶಿವನಿಗೂ ಕೇಳಿಸ್ತೈತೆ,” ಎಂದು ಒಪ್ಪಿಕೊಂಡರು. ಆ ಮಾತಿಗೆ ನಾನು ನಕ್ಕಿದ್ದೆ.

ಆದರೆ ನೀವು ಕೇಳಿದ ಮರಳು ಬಲೆ ದಡಕ್ಕೆ ಬರುವ ಜಾಗ. ಅತ್ತ ಬಂಡೆ, ಇತ್ತ ದಕ್ಕೆ. ನಡುವೆ ಇರುವುದು ಅದೊಂದೇ. ಹೆಂಗಸರು ಮೀನು ಒಣಗಿಸುವುದೂ ಅಲ್ಲೇ. ಅಲ್ಲಿ ನಿಮ್ಮ ಮಿಲ್ಲು ಎದ್ದರೆ ಬಲೆ ಬೀಳುವುದಿಲ್ಲ, ಬಲೆ ಬೀಳದಿದ್ದರೆ ಹಗ್ಗವಿಲ್ಲ, ಹಗ್ಗವಿಲ್ಲದಿದ್ದರೆ ಹೊನ್ನಕ್ಕನ ಮನೆಗೆ ಪಾಲು ಕಳಿಸುವವರು ಯಾರು? ಹಾಗೆಂದು ಊರಿನಲ್ಲಿ ಎಲ್ಲರೂ ಬೇಡವೆಂದಿರಲಿಲ್ಲ. ಮಿಲ್ಲು ಬಂದರೆ ಕೆಲಸ ಸಿಕ್ಕೀತು ಎಂದು ಹುಡುಗರು ಕುಣಿಯುತ್ತಿದ್ದರು.

ಇನ್ನು ಸಭೆ. ಆ ದಂಡೆ ಸರ್ಕಾರ ಬಲೆಯವರಿಗೆ ಬಿಟ್ಟುಕೊಟ್ಟದ್ದು. ಅದನ್ನು ಬೇರೆಯವರಿಗೆ ಕೊಡಬೇಕಾದರೆ ಹಗ್ಗ ಹಾಸಿ ಎಲ್ಲರೂ ಹಿಡಿದು ನಿಲ್ಲಬೇಕು. ಒಪ್ಪಿದವರು ಬಿಡಬೇಕು. ಒಂದು ಕೈ ಉಳಿದರೂ ಇಲ್ಲವೆಂದೇ ಅರ್ಥ. ಬಲೆಯ ಯಜಮಾನ ಜಟ್ಟಿ ತಾಂಡೇಲ ಕೆಮ್ಮುತ್ತ ಮಧ್ಯೆ ನಿಂತಿದ್ದ. ಹಗ್ಗ ಹಿಡಿದಾಗ ನನ್ನ ಬಾಯಿ ತಡೆಯಲಿಲ್ಲ. ಜಾಗ ಕೇಳುತ್ತಿರುವವರು ದಲ್ಲಾಳಿಯಲ್ಲ, ನನ್ನ ಯಜಮಾನರು ಎಂದುಬಿಟ್ಟೆ.

ಊರು ಬೆಚ್ಚಿಬೀಳುತ್ತದೆ ಎಂದುಕೊಂಡಿದ್ದೆ. ಹೊನ್ನಕ್ಕ ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡಳು. “ಅದೆಂತ ಹೊಸ ಸುದ್ದಿ? ಬೇಸ್ಗಿಲಿ ನಿಮ್ಮ ಮನಿಯವ್ರು ಬಂದಾಗ್ಲೇ ಗೊತ್ತಾಯ್ತು. ಸಮುದ್ರ ನೋಡುಕೆ ಬಂದವ್ರು ಯಾರಾದ್ರೂ ಸಮುದ್ರಕ್ಕೆ ಬೆನ್ನು ಹಾಕ್ಕಂಡು ಮರಳು ನೋಡ್ತ್ರಾ ಅಕ್ಕೋರೆ?” ಎಂದಳು. ಜನರೆಲ್ಲ ನಕ್ಕರು. ನಾನೊಬ್ಬಳು ಬಿಟ್ಟು.

ಜಟ್ಟಿ ತಾಂಡೇಲ ನಗು ನಿಲ್ಲುವವರೆಗೆ ಕಾದ. ಆಮೇಲೆ, “ಅದ್ಕೇ ಬಿಡುದು ಅಂತ ಮಾಡಿದ್ದು. ಅಕ್ಕೋರ ಮನೆ ಮಿಲ್ಲು ನಿಂತೋಗಿದ್ಯಂತೆ. ಹಗ್ಗ ಹಿಡ್ದವ್ರ ಮನೆ ಒಲೆ ಆರಿರೆ ನಾವು ನೋಡ್ತ ಕೂರುದು ಹ್ಯಾಂಗೆ? ಬಾರದವ್ರ ಪಾಲು ಅಂತ ತಿಳ್ಕಣಿ. ಬಿಡಿ,” ಎಂದ.

ಅರ್ಥವಾಯಿತೇ? ನಿಮ್ಮ ದಲ್ಲಾಳಿಯ ಜಾಣತನಕ್ಕಲ್ಲ, ಮಿಲ್ಲು ಕೊಡುವ ಕೆಲಸಕ್ಕೂ ಅಲ್ಲ. ಟೈಫಾಯ್ಡಿಗೆ ಗಂಜಿ ಕೊಟ್ಟಂತೆ ನಿಮಗೆ ತಮ್ಮ ದಡವನ್ನು ಕೊಡಲು ನಿಂತಿದ್ದರು. ಸಾಲಿನುದ್ದಕ್ಕೂ ಕೈಗಳು ಬಿಟ್ಟವು. ಹೊನ್ನಕ್ಕನೂ ಬಿಟ್ಟಳು. ಬಿಟ್ಟ ಕೈಯನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಒಮ್ಮೆ ಸೊಂಟದ ಮೇಲಿಟ್ಟಳು, ಒಮ್ಮೆ ಸೆರಗಿಗೆ ಒರೆಸಿಕೊಂಡಳು, ಕೊನೆಗೆ ಬೆನ್ನ ಹಿಂದೆ ಅಡಗಿಸಿದಳು. ಎಲ್ಲರೂ ಬಿಟ್ಟ ಮೇಲೂ ನನ್ನ ಕೈ ಹಗ್ಗದ ಮೇಲಿತ್ತು.

ದಲ್ಲಾಳಿ ಬೈದ. ಹುಡುಗರು ಮುಖ ತಿರುಗಿಸಿಕೊಂಡು ಹೋದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೊಟ್ಟ ಪಾಲನ್ನು ಒದ್ದಂತಾಯಿತು ಎಂದು ಒಬ್ಬಾಕೆ ಕೇಳಿಸುವ ಹಾಗೆಯೇ ಅಂದಳು. ನಿನ್ನೆ ಸಂಜೆಯಿಂದ ನನ್ನ ಜೊತೆ ಮಾತಾಡಿದ್ದು ಕಡಲೊಂದೇ. ಅದೂ ಬರೀ ಗೊಣಗಾಟ. ನಿಮ್ಮವರೂ ಇಲ್ಲ, ಇಲ್ಲಿಯವರೂ ಇಲ್ಲ, ಎರಡೂ ದಡ ಬಿಟ್ಟು ನಿಂತಿದ್ದೇನೆ.

ದೀಪಾವಳಿಗೆ ರಜೆಯಿದೆ. ಬಸ್ಸು ಹತ್ತಲೇ? ಮುಂಬಾಗಿಲು ತೆಗೆಯುವುದಾದರೆ ಬರುತ್ತೇನೆ. ನೀವು ಓಡಾಡುವ ಹಿತ್ತಿಲ ಬಾಗಿಲಾದರೂ ಆದೀತು. ಯಾವುದೂ ಇಲ್ಲವಾದರೆ ಒಂದು ಸಾಲು ಬರೆಯಿರಿ. ಬೈಗುಳವಾದರೂ ಅಡ್ಡಿಯಿಲ್ಲ, ನಿಮ್ಮ ಅಕ್ಷರ ನೋಡಿ ಬಹಳ ದಿನವಾಯಿತು.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಉಳಿದದ್ದನ್ನು ನಿಧಾನವಾಗಿ ಹೇಳಿ.

ನಿಮ್ಮ ಉಪಯೋಗಕ್ಕೆ ಬಾರದ,
ಆದರೂ ನಿಮ್ಮವಳೇ ಆದ,
ದಾಕ್ಷಾಯಿಣಿ

ಮರೆತ ಮಾತು, ಸೋಮವಾರ ಬೆಳಿಗ್ಗೆ: ಮರೆತದ್ದಲ್ಲ, ಬಚ್ಚಿಟ್ಟದ್ದು. ನನ್ನ ಕೈ ಹಗ್ಗದ ಮೇಲಿತ್ತು ಎಂದು ಬರೆದೆನಲ್ಲ, ಅದು ಅರ್ಧ ಸತ್ಯ. ತಾಂಡೇಲ ‘ಬಿಡಿ’ ಎಂದ ತಕ್ಷಣ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಬಿಟ್ಟವಳು ನಾನು. ಊರು ನೆನಪಾಗಲಿಲ್ಲ, ಹಿತ್ತಿಲ ಬಾಗಿಲಿನಲ್ಲಿ ಬಗ್ಗಿ ಹೋಗುವ ನೀವು ನೆನಪಾದಿರಿ. ಹೊನ್ನಕ್ಕನ ಕೈ ನೋಡಿದ ಮೇಲೆ ಮತ್ತೆ ಹಿಡಿದೆ. ಈಗ ಜಟ್ಟಿ ತಾಂಡೇಲ ಮನೆ ತನಕ ಬಂದಿದ್ದ. ಬಿಟ್ಟ ಕೈ ಬಿಟ್ಟದ್ದೇ, ಮತ್ತೆ ಹಿಡಿದದ್ದು ಲೆಕ್ಕಕ್ಕಿಲ್ಲ ಎಂದು ರಾತ್ರಿ ಹಿರಿಯರು ತೀರ್ಮಾನಿಸಿದ್ದಾರೆ. ಆದ್ದರಿಂದ ಮರಳದಂಡೆ ನಿಮ್ಮದು. ದಲ್ಲಾಳಿಗೆ ಇದು ಗೊತ್ತಿಲ್ಲ. ನಿಮಗೆ ನಾನೇ ಬರೆಯಬೇಕಂತೆ. ಬೇಡ ಎನ್ನುವ ಅಧಿಕಾರ ಇನ್ನು ನನಗಿಲ್ಲ, ಊರಿಗೂ ಇಲ್ಲ. ನಿಮಗೊಬ್ಬರಿಗೇ ಇದೆ.