ದೊಡ್ಡಿ ದಾಟಿಲ್ಲ

ಫೆಬ್ರುವರಿ ೪, ಬುಧವಾರ

ಅಪ್ಪನ ಶ್ವಾಸಕೋಶದ ಕ್ಯಾನ್ಸರ್ ಮೂರನೇ ಹಂತ ಅಂದ್ರು ಡಾಕ್ಟರು. ಗಡ್ಡೆ ಎಷ್ಟು ದೊಡ್ಡದು, ಎದೆಯ ಗ್ರಂಥಿಗಳಿಗೆ ಹೋಗೈತೋ, ಇನ್ನೂ ಮುಂದೆ ಮಿದುಳು, ಎಲುಬು ಮುಟ್ಟೈತೋ ಅಂತ ನೋಡಿ ಹಂತ ಹೇಳ್ತಾರಂತೆ. ನನ್ನ ತಲೆಗೆ ಹತ್ತಲಿಲ್ಲ. ಹಡಗಲಿ ಬಸ್ಸಿನಲ್ಲಿ ಅಪ್ಪನೇ ತಿಳಿಸಿ ಹೇಳಿದ: "ಒಂದು ಕುರಿಗೆ ಬಂದಿದ್ದು ದೊಡ್ಡಿಯೊಳಗ ಹಬ್ಬೈತವ್ವ. ದೊಡ್ಡಿ ದಾಟಿಲ್ಲ."

ಮನಿಗೆ ಬಂದವನೇ ತನ್ನ ಹಾಸಿಗಿ ಹೊರಗಿನ ಕಟ್ಟೆಗೆ ಒಯ್ದ. ಇದು ಅಂಟೋ ರೋಗ ಅಲ್ಲಪ್ಪ ಅಂದೆ.

"ಇರ್ಲಿ ಬಿಡು, ಮನ್ಯಾಗ ನಿನ್ನ ಕೂಸೈತಿ."

ನಾನು ಸಣ್ಣಾಕಿ ಇದ್ದಾಗ ಜಡ್ಡಾದ ಕುರಿಯನ್ನು ಹಿಂಗೇ ಬೇರೆ ಕಟ್ಟುತ್ತಿದ್ದ. ಗುಂಪು ಬಿಟ್ಟ ಕುರಿ ಮೇವು ಮುಟ್ಟೋದಿಲ್ಲ ಅಂತ ತಾನೂ ಅದರ ಮಗ್ಗುಲಲ್ಲೇ ಕಂಬಳಿ ಹೊದ್ದು ಮಲಗುತ್ತಿದ್ದ. ನಾನೂ ಆ ಕಂಬಳಿಯೊಳಗ ನುಸುಳುತ್ತಿದ್ದೆ. ಉಣ್ಣೆ, ಬೀಡಿ, ಅಪ್ಪನ ಬೆವರು, ಎಲ್ಲಾ ಸೇರಿದ ಆ ವಾಸನೆ ಇನ್ನೂ ಮೂಗಿನಲ್ಲೈತಿ.

ಇವತ್ತು ಅಪ್ಪ ರೊಟ್ಟಿ ಮುಟ್ಟಲಿಲ್ಲ. ಕಂಬಳಿ ತಗೊಂಡು ಹೊರಗೆ ಹೋಗ್ತೀನಿ.