ವಿಷ ಕಾರದ ಹುಳ

ಪ್ರೀತಿಯ ಅಮ್ಮ,

ನಿನ್ನ ಕರುಳಿನ ಕ್ಯಾನ್ಸರ್ ಆಪರೇಷನ್ ಆದಂದಿನಿಂದ ಫೋನಿನಲ್ಲಿ ನಿನ್ನದು ಒಂದೇ ಪ್ರಶ್ನೆ: “ನಿಮ್ಮ ಲ್ಯಾಬಿನ ಆ ಹುಳ ಸತ್ತೋಯ್ತೇನೇ?” ಸತ್ತಿಲ್ಲ. ಆದರೆ ನಾವು ಬೆರೆಸಿದ ದ್ರಾವಣಕ್ಕೆ ಆ ಬ್ಯಾಕ್ಟೀರಿಯಾ ವಿಷ ಕಾರುವುದನ್ನೇ ನಿಲ್ಲಿಸಿದೆ! ಕರುಳಿನ ಜೀವಕೋಶಗಳ ಡಿಎನ್‌ಎಯನ್ನು ತುಂಡರಿಸಿ ಕ್ಯಾನ್ಸರಿಗೆ ದಾರಿ ಮಾಡುತ್ತಿದ್ದದ್ದು ಆ ವಿಷವೇ. ಈಗ ಡಿಎನ್‌ಎ ಇಡಿಯಾಗಿ ಉಳಿದಿದೆ.

ನಮ್ಮ ಮೇಡಂ ನಂಬದೆ, “ಇನ್ನೊಂದ್ಸಲ ಮಾಡು” ಎಂದು ಪ್ರಯೋಗವನ್ನು ಮೂರು ಸಲ ಮಾಡಿಸಿದರು. ಇಂದು ಮೂರನೆಯದನ್ನೂ ನೋಡಿ, ಗ್ಲೌಸ್ ಹಾಕಿದ ಕೈಯಲ್ಲೇ ನನ್ನ ಕೆನ್ನೆ ಹಿಂಡಿ, “ಗೆದ್ಬಿಟ್ಯಲ್ಲೇ!” ಎಂದರು. ನಾನು ಕುಣಿಯುವುದು ಬಿಟ್ಟು ಸೋಪು ಹಚ್ಚಿ ಮುಖ ತೊಳೆಯಲು ಓಡಿದೆ.

ಇದು ಔಷಧಿಯಾಗಲು ಇನ್ನೂ ವರ್ಷಗಳು ಬೇಕು. ನೀನು ತಪಾಸಣೆ ತಪ್ಪಿಸಬೇಡ. ಚಿಕ್ಕಮ್ಮನಿಗೆ ಈಗಲೇ ಹೇಳಬೇಡ, ಬೀದಿಗೆಲ್ಲ ಡಂಗುರ ಸಾರುತ್ತಾಳೆ.

ಹೋಗಲಿ, ಹೇಳಿಬಿಡು. ಸಾರಲಿ.

ನಿನ್ನ
ಪುಟ್ಟಿ