ಹಕ್ಕಿಗೆ ಇಟ್ಟ ಬೆಲ್ಲದ ನೀರು

ಕಿಲ್ಬರ್ನ್, ಅಡಿಲೇಡ್
೧೩ ಏಪ್ರಿಲ್ ೨೦೧೪

ಚಿ. ಸೌ. ಮಾಲವಿಕಾಗೆ ಅಮ್ಮನ ಆಶೀರ್ವಾದಗಳು.

ನಿನ್ನ ಪಾರ್ಸೆಲ್ ಬಂದು ಮೂರು ವಾರವಾಯಿತು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲವೆಂದು ಕಾಗದಕ್ಕೆ ಕೂತೆ, ಕೂತು ಕೂತು ತಡವಾಯಿತು. ಬೇಸರಿಸಬೇಡ. ಪರ್ತಿನಲ್ಲೂ ಚಳಿ ಶುರುವಾಯಿತೇ? ಇಲ್ಲಿ ನಿಮ್ಮಣ್ಣನ ಹಿತ್ತಲಲ್ಲಿ ಯುಗಾದಿಯ ದಿನವೇ ದ್ರಾಕ್ಷಿ ಬಳ್ಳಿ ಎಲೆ ಉದುರಿಸುತ್ತಿತ್ತು.

ಹಕ್ಕಿಗೆ ಸಿಹಿನೀರು ಕುಡಿಸಲು ಅಳಿಯ ದಿನೇಶ ಆರಿಸಿ ಕಳಿಸಿದ ಕೆಂಪು ಫೀಡರನ್ನು ನಿಂಬೆ ಗಿಡಕ್ಕೆ ಕಟ್ಟಿದ್ದೇವೆ. ಡಬ್ಬಿಯ ಮೇಲಿನ ಹಮ್ಮಿಂಗ್‌ಬರ್ಡ್ ಚಿತ್ರ ನೋಡಿ ನಿಮ್ಮಣ್ಣ ಪ್ರಶಾಂತ ನಕ್ಕ. "ಅಮ್ಮ, ಈ ಹಕ್ಕಿ ಇರೋದು ಅಮೆರಿಕದಲ್ಲಿ. ದಿನೇಶ ಅದಕ್ಕೊಂದು ಟಿಕೆಟ್ಟೂ ಕಳಿಸ್ಬೇಕಿತ್ತು."

ಸಕ್ಕರೆ ನೀರು ಹಾಕಿ ಎಂದು ಡಬ್ಬಿಯಲ್ಲೇ ಬರೆದಿತ್ತಂತೆ. ನಾನು ಹಬ್ಬಕ್ಕೆ ತಂದ ಬೆಲ್ಲ ಕರಗಿಸಿ ಹಾಕಿದೆ. ಮನೆಗೆ ಬಂದವರಿಗೆ ನಾವು ಕೊಡುವುದು ಅದನ್ನೇ ತಾನೆ. ನಾಲ್ಕನೇ ದಿನ ಇಲ್ಲಿನವೇ ಹಕ್ಕಿಗಳು ಬಂದವು, ಹನಿಈಟರ್ ಅಂತೆ. ನಮ್ಮ ಸೂರಕ್ಕಿಗಿಂತ ದೊಡ್ಡವು. ಮೈಯೆಲ್ಲ ಕಪ್ಪು ಬಿಳಿ ಗೆರೆ, ರೆಕ್ಕೆಗೆ ಅರಿಶಿನ ಬಳಿದ ಹಾಗೆ. ಒಂದು ಕುಡಿಯುವಾಗ ಇನ್ನೊಂದು ನೂಕುತ್ತದೆ. ಶಾಲು ಹೊದ್ದು, ಕಾಫಿ ಹಿಡಿದು ಆ ಜಗಳ ನೋಡುವುದೇ ನನ್ನ ಬೆಳಗಿನ ಕೆಲಸ.

ಹೋದ ವಾರ ಒಂದು ಹಕ್ಕಿ ಗಿಡದ ಬುಡದಲ್ಲಿ ರೆಕ್ಕೆ ಇಳಿಬಿಟ್ಟು ಕೂತಿತ್ತು. ನೋಡಿದರೆ ನೀರು ಹುಳಿಯಾಗಿ ನೊರೆ ಬಂದಿದೆ. ನಿಮ್ಮಣ್ಣನ ಮಗಳು ತನುಶ್ರೀ, "ಅಜ್ಜಿ, ಯೂ ಮೇಡ್ ಇಟ್ ಡ್ರಂಕ್" ಅಂದಳು. ಪಕ್ಕದ ಮನೆಯ ಮುದುಕಿ ಅದನ್ನು ಚಪ್ಪಲಿ ಡಬ್ಬಿಯಲ್ಲಿಟ್ಟು, ಬೆಲ್ಲ ಕೂಡದು, ಬಿಳಿ ಸಕ್ಕರೆ ಹಾಕು, ದಿನಾ ತೊಳೆ ಎಂದು ಬೈದಳು. ಮಧ್ಯಾಹ್ನಕ್ಕೆ ಹಕ್ಕಿ ಹಾರಿಹೋಯಿತು. ಅಲ್ಲಿಯವರೆಗೆ ನಾನು ಡಬ್ಬಿಯ ಪಕ್ಕದಿಂದ ಏಳಲಿಲ್ಲ.

ಚಳಿ ಬಲಿಯುವ ಮೊದಲು ಕವನಾಳನ್ನು ಕರೆದುಕೊಂಡು ಮೂವರೂ ಬನ್ನಿ. ಮಗುವಿಗೆ ಹಕ್ಕಿ ತೋರಿಸಬೇಕು. ಎಲ್ಲರೂ ತಣ್ಣಗಿರಿ.

ಇತಿ, ನಿನ್ನ ಅಮ್ಮ
ಇಂದಿರಾ

ಮ.ಬ.: ಇದು ಮರೆತು ಬರೆದದ್ದಲ್ಲ, ಕೊನೆಗೆಂದೇ ಇಟ್ಟುಕೊಂಡದ್ದು. ನೀನು ದಿನೇಶನನ್ನು ಮೊದಲ ಸಲ ಮೈಸೂರಿನ ಮನೆಗೆ ಕರೆತಂದಾಗ, "ಅಪ್ಪ ಒಪ್ಪಲ್ಲ, ಹೊರಡಿ" ಎಂದು ಬಾಗಿಲಲ್ಲೇ ಕಳಿಸಿದೆನಲ್ಲ, ಅದು ಸುಳ್ಳು. ನೀವು ಬರುವುದನ್ನು ಕಿಟಕಿಯಿಂದ ಕಂಡು ಅಪ್ಪ, "ಇಂದೂ, ಬೆಲ್ಲ ನೀರು ತಗೊಂಡು ಬಾರೇ" ಎಂದಿದ್ದರು. ಜಾತಿ ನೋಡಿ ಬೇಡವೆಂದವಳು ನಾನು. ಅವರು ತೀರಿಕೊಳ್ಳುವವರೆಗೂ ನೀನು ಅವರ ಮೇಲೇ ಸಿಟ್ಟಾಗಿದ್ದೆ. ಅವರು ಒಂದು ದಿನವೂ ನನ್ನನ್ನು ಬಿಟ್ಟುಕೊಡಲಿಲ್ಲ. ಇದನ್ನು ದಿನೇಶನಿಗೂ ಓದಿ ಹೇಳು. ಆಮೇಲೂ ಮನಸ್ಸಿದ್ದರೆ ಬನ್ನಿ. ಒಂದು ಅಚ್ಚು ಬೆಲ್ಲ ತೆಗೆದಿಟ್ಟಿದ್ದೇನೆ.